ಮೇ ಕ್ಲಾಂಗ್ ಲುವಾಂಗ್‌ನ ಕರೆನ್ ಹೋಮ್‌ಸ್ಟೇ: ಎರಡು ರಾತ್ರಿ ಉಳಿದರೇ ಚೆಂದ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಿಂದ ಹೊರಡುವ ಒಂದು ದಿನದ ಟೂರುಗಳು ದೋಯ್ ಇಂಥನಾನ್ ಶಿಖರ (2,565 ಮೀಟರ್), ಜಲಪಾತ ಎಲ್ಲ ಮುಗಿಸಿ ಕರೆನ್ ಬುಡಕಟ್ಟಿನವರ ಹಳ್ಳಿಯಾದ ಮೇ ಕ್ಲಾಂಗ್ ಲುವಾಂಗ್‌ಗೆ ಕೊನೆಯಲ್ಲಿ ಬರುತ್ತವೆ. ಒಂದು ಲೋಟ ಕಾಫಿ, ನಾಲ್ಕು ಫೋಟೊ, ಅಷ್ಟೇ. ಆ ದುಡ್ಡಿಗೆ ಹಳ್ಳಿ ಕಾಣುವುದಿಲ್ಲ. ಉಳಿದುಕೊಳ್ಳುವವರಿಗೆ ಮಾತ್ರ ಈ ಊರಿಗೆ ಹೋಗಿ ಎಂದು ಧೈರ್ಯವಾಗಿ ಹೇಳಬಹುದು.

ದಾರಿ ಸುಲಭ. ಹಳದಿ ಸೊಂಗ್‌ಥ್ಯಾವ್ (ಹಿಂದೆ ಎರಡು ಬೆಂಚು ಹಾಕಿದ ಬಾಡಿಗೆ ಪಿಕಪ್ ಗಾಡಿ) ಹಿಡಿದು 108ನೇ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಚೋಮ್ ಥಾಂಗ್‌ಗೆ ಬನ್ನಿ, ಅಲ್ಲಿಂದ 1009ನೇ ರಸ್ತೆಗೆ ಇನ್ನೊಂದು ಗಾಡಿ ಗೊತ್ತುಮಾಡಿ. ಬೇಕಾದಷ್ಟು ನಗದನ್ನು ಚೋಮ್ ಥಾಂಗ್‌ನಲ್ಲೇ ತೆಗೆದುಕೊಳ್ಳಿ. ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ವಿದೇಶಿ ವಯಸ್ಕರಿಗೆ 300 ಬಾತ್ ಶುಲ್ಕವಿದೆ, ಅದು ಹೋಮ್‌ಸ್ಟೇ ಬಾಡಿಗೆಗೆ ಸೇರಿಲ್ಲ.

ಹೆಚ್ಚು ಜನ ಮೋಸಹೋಗುವುದು ಕಾಲದ ವಿಷಯದಲ್ಲಿ. ಜಾಹೀರಾತಿನ ಹಸಿರು ಗದ್ದೆ ಸಿಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಜುಲೈ ಹೊತ್ತಿಗೆ ನಾಟಿ, ಅಕ್ಟೋಬರ್‌ನಲ್ಲಿ ತೆನೆ ಹೊಂಬಣ್ಣಕ್ಕೆ ತಿರುಗುತ್ತದೆ, ನವೆಂಬರ್ ಮುಗಿಯುವಷ್ಟರಲ್ಲಿ ಕೊಯ್ಲು ಆಗಿ ಬರೀ ಕೂಳೆ. ಡಿಸೆಂಬರ್, ಜನವರಿಯಲ್ಲಿ ಬಂದರೆ ಗದ್ದೆ ಬೋಳು, ಆದರೆ ಕಾಫಿ ಹಣ್ಣು ಕೊಯ್ಲು ನೋಡಬಹುದು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡ್ ತುಂಬ ಬೆಂಕಿಯ ಹೊಗೆ. ಉಬ್ಬಸ ಇರುವವರು ಆ ತಿಂಗಳುಗಳಲ್ಲಿ ಬರಲೇಬಾರದು. ಬದುವಿನ ಮೇಲೆ ನಡೆಯುವಾಗ ಅಂಚಿಗೆ ಕಾಲಿಡಬೇಡಿ. ಮಣ್ಣು ಕುಸಿದರೆ ಮೇಲಿನ ಮಡಿಯ ನೀರು ಕೆಳಗೆ ಸೋರಿ, ಮನೆಯವರು ಮತ್ತೆ ಮೆತ್ತಬೇಕಾಗುತ್ತದೆ.

ಮಲಗುವುದು ನೆಲದ ಮೇಲಿನ ತೆಳು ಹಾಸಿಗೆಯಲ್ಲಿ, ಸೊಳ್ಳೆಪರದೆಯೊಳಗೆ. ಬಿದಿರಿನ ಗೋಡೆ, ಬಿದಿರಿನ ನೆಲವಾದರೆ ಸಂದುಗಳಲ್ಲಿ ಗಾಳಿ ನುಗ್ಗುತ್ತದೆ. ಚಳಿಗಾಲದ ರಾತ್ರಿ ಎರಡನೆಯ ಕಂಬಳಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೆಳಗಿನ ಜಾವವೇ ಮನೆ ಎದ್ದಿರುತ್ತದೆ, ತಡವಾಗಿ ಏಳುವವರಿಗೆ ಇದು ಒಗ್ಗುವುದಿಲ್ಲ. ಪಿಕಪ್ ಗಾಡಿ, ಮೊಬೈಲು, ತಗಡಿನ ಚಾವಣಿ ಕಂಡು ಬೇಸರಪಡುವವರಿದ್ದಾರೆ. ಅದು ಸರಿಯಲ್ಲ. ಇದು ಜನ ದುಡಿದು ಬದುಕುವ ಊರು, ವಸ್ತುಸಂಗ್ರಹಾಲಯವಲ್ಲ.

ಶಾಕಾಹಾರಿಗಳು ಮುಂಚೆಯೇ ಹೇಳಬೇಕು. 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಪಲ್ಯಕ್ಕೆ ಮೀನಿನ ಸಾಸ್, ಮೆಣಸಿನ ಚಟ್ನಿಗೆ ಸೀಗಡಿ ಬೀಳಬಹುದು. ಕಟ್ಟಾ ಶಾಕಾಹಾರಕ್ಕೆ ಥಾಯ್‌ನಲ್ಲಿರುವ ಪದ 'ಜೇ'. ಹಾಗೆ ಹೇಳಿದರೆ ಮೀನಿನ ಸಾಸ್, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಅನ್ನ, ಕುಂಬಳಕಾಯಿ, ಸೊಪ್ಪು ಹೇಗೂ ಸಿಗುತ್ತವೆ.

ಮನಸ್ಸಿಟ್ಟು ನೋಡಬೇಕಾದದ್ದು ನೇಯ್ಗೆ. ಮಗ್ಗಕ್ಕೆ ಚೌಕಟ್ಟೇ ಇಲ್ಲ. ಹಾಸಿನ (ಉದ್ದಕ್ಕೆ ಹೂಡಿದ ನೂಲು) ಒಂದು ತುದಿ ಗೋಡೆಗೋ ಕಂಬಕ್ಕೋ ಕಟ್ಟಿರುತ್ತದೆ, ಇನ್ನೊಂದು ತುದಿ ನೇಯುವವರ ಸೊಂಟದ ಹಿಂದಿನ ಪಟ್ಟಿಗೆ. ನೆಲದ ಮೇಲೆ ಕಾಲು ನೀಡಿ ಕೂತು, ಹಿಂದಕ್ಕೆ ವಾಲಿದರೆ ನೂಲು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಹೊಕ್ಕನ್ನು (ಅಡ್ಡ ನೂಲು) ಮರದ ಅಲಗಿನಿಂದ ಬಡಿದು ಕೂರಿಸುತ್ತಾರೆ. ಬಟ್ಟೆಯ ಅಗಲ ಕೈಗೆ ಎಟುಕುವಷ್ಟೇ. ಅದಕ್ಕೇ ಅಂಗಿಯನ್ನು ಎರಡು ಪಟ್ಟಿ ಜೋಡಿಸಿ ಹೊಲಿದು, ಕುತ್ತಿಗೆಗೂ ತೋಳಿಗೂ ಹೊಲಿಯದೆ ಸಂದು ಬಿಡುತ್ತಾರೆ. ಕೊಳ್ಳುವಾಗ ಪಟ್ಟಿಯ ಎರಡೂ ಅಂಚು ನೋಡಿ. ಹೊಕ್ಕಿನ ನೂಲು ಅಂಚಿನಲ್ಲಿ ತಿರುಗಿ ವಾಪಸು ಹೋಗಿರಬೇಕು; ಕತ್ತರಿಸಿ ಮಡಚಿ ಹೊಲಿದಿದ್ದರೆ ಅನುಮಾನಿಸಿ. ನೀಲಿ ಬಣ್ಣದ್ದನ್ನು ಮೊದಮೊದಲು ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ.

ಫಾ ದೋಕ್ ಸಿಯೊ ಜಾಡು ಕಾಡು, ಜಲಪಾತ, ಗದ್ದೆ ದಾಟಿ ಇದೇ ಹಳ್ಳಿಗೆ ಇಳಿಯುತ್ತದೆ. ಎರಡು ಮೂರು ಗಂಟೆ ಸಾಕು. ಸ್ಥಳೀಯ ಕರೆನ್ ಮಾರ್ಗದರ್ಶಿ ಕಡ್ಡಾಯ, ಅದು ಒಳ್ಳೆಯದೇ. ಮಳೆಗಾಲದಲ್ಲಿ ಜಿಗಣೆ, ಜಾರುವ ಮೆಟ್ಟಿಲು ಎರಡೂ ಇರುತ್ತವೆ, ಹಿಡಿತವಿರುವ ಬೂಟು ಬೇಕು.

ಕುತ್ತಿಗೆಗೆ ಹಿತ್ತಾಳೆ ಸುರುಳಿ ತೊಟ್ಟ ಹೆಂಗಸರನ್ನು ಇಲ್ಲಿ ಹುಡುಕಬೇಡಿ. ಅವರು ಕಯಾನ್ ಜನ, ಮ್ಯಾನ್ಮಾರ್‌ನಿಂದ ನಿರಾಶ್ರಿತರಾಗಿ ಬಂದು ಹೆಚ್ಚಾಗಿ ಮೇ ಹಾಂಗ್ ಸೋನ್ ಕಡೆ ನೆಲೆಸಿದವರು.

ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಬಾಡಿಗೆ ತಲೆಗೋ ಮನೆಗೋ, ರಾತ್ರಿಯೂಟ ಸೇರಿದೆಯೋ ಇಲ್ಲವೋ, ಬಿಸಿನೀರು ಇದೆಯೋ. ಏಜೆಂಟರ ಬದಲು ಮನೆಯವರಿಗೇ ಫೋನ್ ಮಾಡಿದರೆ ದುಡ್ಡು ಪೂರ್ತಿ ಅವರ ಕೈಗೇ ಸೇರುತ್ತದೆ. ಥಾಯ್ ಬರದಿದ್ದರೆ ಚಿಯಾಂಗ್ ಮಾಯ್‌ನ ನಿಮ್ಮ ಹೋಟೆಲಿನವರಿಂದ ಆ ಕರೆ ಮಾಡಿಸಿ.