ಮೂಲ ಫೋಟೊ ಮುಟ್ಟದ ಹುಡುಕಾಟಕ್ಕೆ ಇಮ್ಮಿಚ್ ಹೇಗಿದೆ?

ವರ್ಷಗಟ್ಟಲೆ ಫೋಲ್ಡರುಗಳಲ್ಲಿ ಜೋಡಿಸಿಟ್ಟ ಫೋಟೊ ಸಂಗ್ರಹದ ಮೇಲೆ ಹೊಸ ಸಾಫ್ಟ್‌ವೇರ್ ಬಿಡಲು ಯಾರಿಗೂ ಅಳುಕು ಸಹಜ. ಹೆಸರು ಬದಲಿಸಿಬಿಟ್ಟರೆ? ಫೋಟೊ ಒಳಗಿರುವ ದಿನಾಂಕ, ಕ್ಯಾಮೆರಾ ಮುಂತಾದ ಮಾಹಿತಿ (ಎಕ್ಸಿಫ್) ತಿದ್ದಿಬಿಟ್ಟರೆ? ನಮ್ಮದೇ ಸರ್ವರಿನಲ್ಲಿ ನಡೆಸುವ ಫೋಟೊ ಸಾಫ್ಟ್‌ವೇರ್ ಇಮ್ಮಿಚ್‌ನಲ್ಲಿ ಇದಕ್ಕೆ ಗಟ್ಟಿಯಾದ ಪರಿಹಾರವಿದೆ. ಆದರೆ ಅದು ತಾನಾಗಿ ಬರುವುದಿಲ್ಲ, ಅಳವಡಿಸುವಾಗಲೇ ಮಾಡಿಕೊಳ್ಳಬೇಕು.

ಆಪ್ ಮೂಲಕ ಅಪ್‌ಲೋಡ್ ಮಾಡಿದ ಫೋಟೊ ಇಮ್ಮಿಚ್‌ನ ಸ್ವಂತ ಫೋಲ್ಡರಿಗೆ ಹೋಗುತ್ತದೆ. ಫೈಲುಗಳನ್ನು ನಿಗದಿತ ಮಾದರಿಯಲ್ಲಿ ಜೋಡಿಸುವ ಸ್ಟೋರೇಜ್ ಟೆಂಪ್ಲೇಟ್ ಆನ್ ಇದ್ದರೆ ಹೆಸರು, ಜಾಗ ಎರಡೂ ಬದಲಾಗುತ್ತವೆ. ಹಳೆಯ ಸಂಗ್ರಹಕ್ಕೆ ಈ ದಾರಿ ಬೇಡ, ಫೋಟೊಗಳನ್ನು ಇದ್ದಲ್ಲೇ ಬಿಟ್ಟು ಓದುವ ಎಕ್ಸ್‌ಟರ್ನಲ್ ಲೈಬ್ರರಿ ಬಳಸಿ. ಇಮ್ಮಿಚ್ ನಡೆಯುವುದು ಡಾಕರ್ ಕಂಟೇನರಿನಲ್ಲಿ, ಅಂದರೆ ಯಂತ್ರದ ಉಳಿದ ಭಾಗದಿಂದ ಬೇರ್ಪಟ್ಟ ಆವರಣದಲ್ಲಿ. ಅದರ ಸೆಟ್ಟಿಂಗ್ ಇರುವ ಡಾಕರ್ ಕಂಪೋಸ್ ಫೈಲಿನಲ್ಲಿ ಸರ್ವರ್ ಕಂಟೇನರಿನ ವಾಲ್ಯೂಮ್‌ಗಳ (ಒಳಗೆ ಕಾಣಬೇಕಾದ ಫೋಲ್ಡರುಗಳ ಪಟ್ಟಿ) ಕೆಳಗೆ ಫೋಟೊ ಫೋಲ್ಡರ್ ಸೇರಿಸಿ, ಸಾಲಿನ ಕೊನೆಗೆ ಕೋಲನ್ ಹಾಕಿ ‘ಆರ್‌ಒ’ (ro) ಎಂಬ ಎರಡು ಇಂಗ್ಲಿಷ್ ಅಕ್ಷರ ಬರೆಯಿರಿ. ಅಷ್ಟಾದರೆ ಕಂಟೇನರಿಗೆ ಓದುವ ಹಕ್ಕು ಮಾತ್ರ. ಆ ಎರಡಕ್ಷರ ಮರೆತರೆ, ವೆಬ್ ಪುಟದಲ್ಲಿ ಅಳಿಸಿದ ಫೋಟೊ ಟ್ರ್ಯಾಶ್ ಖಾಲಿಯಾದಾಗ ಡಿಸ್ಕಿನಿಂದಲೂ ಹೋಗುತ್ತದೆ. ಆಪ್ ಒಳಗಿನ ಯಾವ ಸೆಟ್ಟಿಂಗಿಗಿಂತಲೂ ಫೋಲ್ಡರನ್ನು ಹೀಗೆ ಜೋಡಿಸುವ ಈ ಮೌಂಟ್ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಇಲ್ಲಿ ತಡೆಯುವುದು ಆಪರೇಟಿಂಗ್ ಸಿಸ್ಟಮ್.

ಕಂಟೇನರ್ ಮರುಚಾಲನೆ ಮಾಡಿ, ಅಡ್ಮಿನಿಸ್ಟ್ರೇಶನ್ ಪುಟದಲ್ಲಿ ಲೈಬ್ರರಿ ಸೃಷ್ಟಿಸಿ, ಇಂಪೋರ್ಟ್ ಪಾತ್ ಕೊಟ್ಟು ಸ್ಕ್ಯಾನ್ ಒತ್ತಿ. ಹೆಚ್ಚಿನವರು ಎಡವುವುದು ಇಲ್ಲೇ. ಕೊಡಬೇಕಾದದ್ದು ಕಂಟೇನರಿನ ಒಳಗಿನ ಪಾತ್, ಕಂಟೇನರ್ ನಡೆಯುತ್ತಿರುವ ಹೋಸ್ಟ್ ಯಂತ್ರದ್ದಲ್ಲ. ಹೋಸ್ಟ್ ಪಾತ್ ಕೊಟ್ಟರೆ ಲೈಬ್ರರಿ ಖಾಲಿಯಾಗಿಯೇ ಉಳಿಯುತ್ತದೆ. ಪಾತ್ ಸರಿಯಿದ್ದೂ ಏನೂ ಬಾರದಿದ್ದರೆ ಫೋಲ್ಡರಿನ ಓದುವ ಅನುಮತಿ ನೋಡಿ. ಸಂಗ್ರಹ ನ್ಯಾಸ್‌ನಲ್ಲಿದ್ದರೆ (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ) ಅದರ ಥಂಬ್‌ನೇಲ್ ಫೋಲ್ಡರುಗಳನ್ನು ಎಕ್ಸ್‌ಕ್ಲೂಶನ್ ಪ್ಯಾಟರ್ನ್ ಹಾಕಿ ಮೊದಲೇ ಹೊರಗಿಡಿ. ಇಲ್ಲವಾದರೆ ಒಂದೇ ಚಿತ್ರ ಮೂರು ನಾಲ್ಕು ಅಳತೆಯಲ್ಲಿ ತುಂಬಿಕೊಳ್ಳುತ್ತದೆ.

ಇನ್ನು ಹುಡುಕಾಟ. ಚಿತ್ರ ಮತ್ತು ಮಾತನ್ನು ಹೋಲಿಸುವ ಎಐ ಮಾದರಿ ಕ್ಲಿಪ್ ಪ್ರತಿ ಫೋಟೊವನ್ನೂ ಸಂಖ್ಯೆಗಳ ಸಾಲಾಗಿಸುತ್ತದೆ, ಇಮ್ಮಿಚ್ ಅದನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿಡುತ್ತದೆ. ‘ಮಳೆಯಲ್ಲಿ ಕೆಂಪು ಕೊಡೆ’ ಎಂಬಂಥ ವಾಕ್ಯಕ್ಕೂ ಫಲಿತಾಂಶ ಸಿಗುವುದು ಇದರಿಂದಲೇ. ಹಾಗೆಂದು ಕನ್ನಡದಲ್ಲೇ ಟೈಪಿಸಿದರೆ ಡೀಫಾಲ್ಟ್ ಮಾದರಿ ಸಂಬಂಧವಿಲ್ಲದ ಚಿತ್ರ ತೋರಿಸುತ್ತದೆ, ಅದು ಕಲಿತಿರುವುದು ಇಂಗ್ಲಿಷ್. ಸೆಟ್ಟಿಂಗ್ಸ್‌ನಲ್ಲಿ ಮಾದರಿಯ ಹೆಸರು ಬದಲಿಸಿ ಬಹುಭಾಷೆಯ ಎನ್‌ಎಲ್‌ಎಲ್‌ಬಿ-ಕ್ಲಿಪ್ ಹಾಕಿಕೊಳ್ಳಬಹುದು. ಅದಕ್ಕೆ ರ್‍ಯಾಮ್ ಹೆಚ್ಚು ಬೇಕು. ಬದಲಿಸಿದ ಮೇಲೆ ಈ ಸಂಖ್ಯೆಗಳನ್ನು ಲೆಕ್ಕ ಹಾಕುವ ಸ್ಮಾರ್ಟ್ ಸರ್ಚ್ ಜಾಬನ್ನು (ಹಿನ್ನೆಲೆ ಕೆಲಸ) ಎಲ್ಲ ಫೋಟೊಗಳ ಮೇಲೂ ಮತ್ತೆ ಓಡಿಸಲೇಬೇಕು, ಒಂದು ಮಾದರಿಯ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ. ಇನ್ನೊಂದು ಗಮನಿಸಿ: ಫಲಿತಾಂಶಗಳು ಹೋಲಿಕೆಯ ಕ್ರಮದಲ್ಲಿ ಬರುತ್ತವೆ, ‘ಸಿಗಲಿಲ್ಲ’ ಎಂಬ ಉತ್ತರವಿಲ್ಲ. ಸಂಗ್ರಹದಲ್ಲಿ ಆನೆಯೇ ಇಲ್ಲದಿದ್ದರೂ ಆನೆ ಹುಡುಕಿದರೆ ಎಮ್ಮೆ ಬರುತ್ತದೆ.

ಮುಖ ಗುರುತಿಸುವಿಕೆ ಚೆನ್ನಾಗಿದೆ. ಒಬ್ಬರ ಮುಖ ಕನಿಷ್ಠ 3 ಬಾರಿ ಕಂಡರಷ್ಟೇ ಅವರು ಪಟ್ಟಿಗೆ ಬರುತ್ತಾರೆ, ಈ ಮಿತಿ ಬದಲಿಸಬಹುದು.

ಓದುವ ಹಕ್ಕು ಮಾತ್ರ ಕೊಟ್ಟದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ವಿವರಣೆ, ದಿನಾಂಕ, ಸ್ಥಳ ತಿದ್ದಿದರೆ ಇಮ್ಮಿಚ್ ಅದನ್ನು ಫೋಟೊ ಪಕ್ಕದ ಎಕ್ಸ್‌ಎಂಪಿ ಎಂಬ ಮಾಹಿತಿ ಫೈಲಿಗೆ (ಸೈಡ್‌ಕಾರ್) ಬರೆಯಲು ಹೋಗುತ್ತದೆ. ಅಲ್ಲಿ ಬರೆಯಲಾಗದೆ ಆ ಜಾಬ್ ಫೇಲ್ ಆಗುತ್ತದೆ. ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಅದು ಹೊಸ ಫೋಟೊ ಎಂದೇ ಲೆಕ್ಕ, ಆಲ್ಬಮಿನ ನಂಟು ತಪ್ಪುತ್ತದೆ. ಹಾಗಾಗಿ ಫೋಲ್ಡರುಗಳನ್ನು ಮೊದಲೇ ಓರಣ ಮಾಡಿಕೊಂಡು ಆಮೇಲೆ ಆಲ್ಬಮ್ ಕಟ್ಟಿ.

ಥಂಬ್‌ನೇಲ್, ಡೇಟಾಬೇಸುಗಳಿಗೆ ಎಸ್‌ಎಸ್‌ಡಿ ಇರಲಿ, ಪೋಸ್ಟ್‌ಗ್ರೆಸ್ ಅನ್ನು ನೆಟ್‌ವರ್ಕ್ ಶೇರ್‌ನಲ್ಲಿ ಇಡಬೇಡಿ. 8 ಜಿಬಿ ರ್‍ಯಾಮ್ ಇದ್ದರೆ ನಿರಾಳ. ಮೊದಲ ಸಲದ ಇಂಡೆಕ್ಸಿಂಗ್‌ನಲ್ಲಿ ಯಂತ್ರ ತತ್ತರಿಸಿದರೆ ಜಾಬ್ ಸೆಟ್ಟಿಂಗ್‌ನಲ್ಲಿ ಕನ್‌ಕರೆನ್ಸಿ (ಒಮ್ಮೆಗೇ ನಡೆಯುವ ಕೆಲಸಗಳ ಸಂಖ್ಯೆ) 1ಕ್ಕೆ ಇಳಿಸಿ.

ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಫೋಟೊಪ್ರಿಸಂನಲ್ಲೂ ರೀಡ್‌ಓನ್ಲಿ ಆಯ್ಕೆಯಿದೆ, ಸೈಡ್‌ಕಾರ್ ಫೈಲುಗಳನ್ನು ಪ್ರತ್ಯೇಕ ಸ್ಟೋರೇಜ್ ಫೋಲ್ಡರಿನಲ್ಲಿ ಇಡುವ ಅದರ ಕ್ರಮ ಹೆಚ್ಚು ಅಚ್ಚುಕಟ್ಟು. ಟಿಪ್ಪಣಿ ಬರೆಯುವುದೇ ಮುಖ್ಯವಾದವರಿಗೆ ಅದೇ ಸರಿ. ಮಾತಿನಲ್ಲಿ ವಿವರಿಸಿ ಹುಡುಕುವವರಿಗೆ ಇಮ್ಮಿಚ್.

ಯಾವುದನ್ನೇ ಹಾಕಿ, ಸ್ಕ್ಯಾನಿಗೆ ಮುನ್ನ ಇಡೀ ಸಂಗ್ರಹದ ಶಾ-256 ಪಟ್ಟಿ (ಪ್ರತಿ ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ಬೇರೆ ಡಿಸ್ಕಿನಲ್ಲಿಡಿ. ಇಂಡೆಕ್ಸಿಂಗ್ ಮುಗಿದ ಮೇಲೆ ಅದೇ ಪಟ್ಟಿಯಿಂದ ತಾಳೆ ನೋಡಿದರೆ ಒಂದು ಬೈಟ್ ಬದಲಾಗಿದ್ದರೂ ಫೈಲಿನ ಹೆಸರು ಸಮೇತ ಗೊತ್ತಾಗುತ್ತದೆ.