ಡೀಸೆಲ್ ಜನರೇಟರ್ (ಡಿಜಿ) ಆಫ್ ಮಾಡುವ ಮುನ್ನ ಹೀಟರ್ ಕಡೆ ಒಮ್ಮೆ ಹೋಗಿ ನೋಡಿ

ಎಣ್ಣೆ ರಿಫೈನರಿಗಳಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ.

ನಾನು ಮಂಗಳೂರು ಕಡೆಯ ಒಂದು ರಿಫೈನರಿಯಲ್ಲಿದ್ದೆ. ಮಲೇಷ್ಯಾ, ಇಂಡೋನೇಷ್ಯಾದಿಂದ ಹಡಗಿನಲ್ಲಿ ಬರುವ ತಾಳೆ ಎಣ್ಣೆಯನ್ನು ಅಲ್ಲಿ ಶುದ್ಧ ಮಾಡುತ್ತಾರೆ. ಇದ್ದದ್ದು ಎರಡು ಟ್ರಾನ್ಸ್‌ಫಾರ್ಮರ್. ಆ ಭಾನುವಾರ ಒಂದರ ಬ್ರೇಕರ್ (ಕರೆಂಟ್ ಜಾಸ್ತಿಯಾದರೆ ತಾನಾಗಿ ಕಡಿಯುವ ಸ್ವಿಚ್) ಸರ್ವಿಸ್ ಇತ್ತು. ಪ್ಲಾಂಟ್ ನಿಲ್ಲಿಸಲು ಮೇಲಿನವರು ಒಪ್ಪಲಿಲ್ಲ. ಲೋಡ್ ಪೂರ್ತಿ ಇನ್ನೊಂದರ ಮೇಲೆ ಹಾಕಿದೆವು.

ಡಿಜಿ ಲೈನ್ ಬರುತ್ತಿದ್ದದ್ದು ಸರ್ವಿಸ್‌ಗೆ ನಾವು ಬಿಚ್ಚಿದ್ದ ಆ ಬ್ರೇಕರ್‌ನ ಪ್ಯಾನೆಲ್‌ಗೇ. ಕರೆಂಟ್ ಹೋಗಿ ಡಿಜಿ ತಾನಾಗಿ ಸ್ಟಾರ್ಟ್ ಆದರೆ ಒಳಗೆ ಕೈ ಹಾಕಿದವನು ಉಳಿಯುವುದಿಲ್ಲ, ಅಲ್ವಾ? ಅದಕ್ಕೇ ಅದನ್ನು ಆಫ್ ಮಾಡಿ ಬೀಗ ಹಾಕಿದೆ. ಅದು ತಪ್ಪಲ್ಲ. ಆ ಡಿಜಿಯನ್ನು ನಂಬಿಕೊಂಡು ಇನ್ನೇನು ಓಡುತ್ತಿದೆ ಎಂದು ನಾನು ಕೇಳಲಿಲ್ಲ. ತಪ್ಪಾದದ್ದು ಅಲ್ಲಿ.

ಮಧ್ಯಾಹ್ನ ಯಾರೋ ಒಂದು ದೊಡ್ಡ ಮೋಟಾರ್ ಸ್ಟಾರ್ಟ್ ಮಾಡಿದರು. ಸ್ಟಾರ್ಟ್ ಆಗುವಾಗ ಅಂಥ ಮೋಟಾರ್ ಮಾಮೂಲಿಗಿಂತ ಸುಮಾರು 6 ಪಟ್ಟು ಕರೆಂಟ್ ಎಳೆಯುತ್ತದೆ. ಉಳಿದಿದ್ದ ಬ್ರೇಕರೂ ಟ್ರಿಪ್ ಆಯಿತು. ಎಲ್ಲ ಪಂಪುಗಳೂ ಒಟ್ಟಿಗೆ ನಿಂತಾಗ ಬರುವ ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಥರ್ಮಿಕ್ ಫ್ಲೂಯಿಡ್ ಹೀಟರ್ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ಲಾಂಟಿಗೆ ಬೇಕಾದ ಬಿಸಿ ಕೊಡುವ ಒಲೆ ಅದು. ಅದರ ಕಾಯಿಲ್‌ನಲ್ಲಿ, ಅಂದರೆ ಸುರುಳಿ ಪೈಪಿನಲ್ಲಿ, ಸುಮಾರು 280 ಡಿಗ್ರಿ ಬಿಸಿಯ ಎಣ್ಣೆ (ತಾಳೆ ಎಣ್ಣೆಯಲ್ಲ, ಬಿಸಿ ಸಾಗಿಸುವ ಬೇರೆ ಎಣ್ಣೆ) ಸದಾ ಹರಿಯುತ್ತಿರಬೇಕು. ನಿಂತರೆ ಅಲ್ಲೇ ಸೀದು ಕರಕಲಾಗುತ್ತದೆ, ಕಾಯಿಲ್ ಒಡೆದರೆ ಬೆಂಕಿ. ಗ್ಯಾಸ್ ಬರ್ನರ್ ಆಗಿದ್ದರೆ ಬಂದ್ ಮಾಡಬಹುದಿತ್ತು. ನಮ್ಮದರಲ್ಲಿ ಉರಿಯುತ್ತಿದ್ದದ್ದು ಗೇರುಬೀಜದ ಸಿಪ್ಪೆ. ಆ ಕೆಂಡ ಅಷ್ಟು ಬೇಗ ಆರುತ್ತದೆಯೇ? ಕರೆಂಟ್ ಹೋದಾಗ ಎಣ್ಣೆ ತಿರುಗಿಸಲು ಒಂದು ಎಮರ್ಜೆನ್ಸಿ ಪಂಪ್ ಇತ್ತು. ಅದಕ್ಕೆ ಕರೆಂಟ್ ಬರಬೇಕಿದ್ದದ್ದು ನಾನು ಬೀಗ ಹಾಕಿದ್ದ ಡಿಜಿಯಿಂದ.

"ಡಿಜಿ ಹಾಕು ಮಾರಾಯಾ, ಎಂತ ನೋಡ್ತಾ ನಿಂತಿದ್ದಿ!" ಎಂದು ಹೀಟರ್ ಕಡೆಯಿಂದ ಕೂಗಿದರು. ಒಬ್ಬರು ಬೀಗ ಒಡೆಯಲು ಸುತ್ತಿಗೆಯನ್ನೇ ತಂದರು. ಆಗ ನಮ್ಮ ಹೆಲ್ಪರ್ ಹುಡುಗ ಪ್ಯಾನೆಲ್ ಹಿಂದೆ ಬಸ್‌ಬಾರ್ (ಕರೆಂಟ್ ಹರಿಯುವ ಲೋಹದ ಪಟ್ಟಿ) ಒರೆಸುತ್ತಿದ್ದ. ಈ ಕಡೆಯಿಂದ ಅವನು ಕಾಣುತ್ತಲೇ ಇರಲಿಲ್ಲ. ನಾನು ಬೀಗಕ್ಕೆ ಅಡ್ಡ ನಿಂತೆ. ಕೀ ನನ್ನ ಜೇಬಿನಲ್ಲಿತ್ತು.

ಅಷ್ಟರಲ್ಲಿ ಹೀಟರ್ ಆಪರೇಟರ್ ಮೇಲಿನ ಟ್ಯಾಂಕಿನ ತಣ್ಣನೆಯ ಎಣ್ಣೆಯನ್ನು ಕಾಯಿಲ್‌ಗೆ ಬಿಡುವ ವಾಲ್ವ್ ತಿರುಗಿಸಿದರು. ಎಲ್ಲರನ್ನೂ ಉಳಿಸಿದ್ದು ಅವರೇ. ಬಿಗಿಯಾಗಿದ್ದ ವಾಲ್ವ್, ಅಂಗೈ ಸುಟ್ಟುಕೊಂಡರು. ಪೈಪುಗಳಲ್ಲಿ ತಾಳೆ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗಿತ್ತು. ಅದನ್ನು ಕರಗಿಸಲು ಎರಡು ದಿನ ಬೇಕಾಯಿತು. ಒಂದು ದಿನ ಪ್ಲಾಂಟ್ ನಿಲ್ಲಿಸಿದ್ದರೆ ಇದ್ಯಾವುದೂ ಇರಲಿಲ್ಲ.

ಶಟ್‌ಡೌನ್ ಅಂದರೆ ಮೊದಲು ಹೀಟರ್ ಬೆಂಕಿ ಆರಿಸಲು ಹೇಳಿ, ಎಣ್ಣೆ ತಣ್ಣಗಾಗುವ ತನಕ ಪಂಪ್ ಓಡಲಿ. ಆಮೇಲೆ ಡಿಜಿ ಮುಟ್ಟಿ. ಆ ವಾಲ್ವನ್ನು ತಿಂಗಳಿಗೊಮ್ಮೆಯಾದರೂ ತಿರುಗಿಸಿ ನೋಡಿ. ಎಮರ್ಜೆನ್ಸಿ ಪಂಪಿಗೆ ಬೇರೆಯೇ ಡೀಸೆಲ್ ಎಂಜಿನ್ ಕೇಳಿ, ಖರ್ಚು ಜಾಸ್ತಿ ಅಂದರೂ ಬಿಡಬೇಡಿ.

ಅವತ್ತು ಆ ಹುಡುಗನ ಹೆಸರಲ್ಲಿ ಬೇರೆ ಬೀಗ ಇರಲಿಲ್ಲ, ಇದ್ದದ್ದು ನನ್ನದೊಂದೇ. ನಾನು ಚಹಾ ಕುಡಿಯಲು ಹೋಗಿದ್ದಿದ್ದರೆ? ಈಗ ನನ್ನ ಜೊತೆ ಬರುವ ಪ್ರತಿ ಹೆಲ್ಪರ್‌ಗೂ ಅವನದೇ ಬೀಗ, ಅವನದೇ ಕೀ. ಅದು ಹಾಕಿದ ಮೇಲೆಯೇ ಅವನು ಪ್ಯಾನೆಲ್ ಬಾಗಿಲು ತೆಗೆಯುವುದು.