ಏಪ್ರಿಲ್‌ನಲ್ಲಿ ಕೊಡಚಾದ್ರಿ ಹತ್ತುವವರೇ, ನೀರಿನ ಮಾತು ನಂಬಬೇಡಿ

ಬೇಸಿಗೆಯಲ್ಲಿ ಹಿಡ್ಲುಮನೆ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ, ನೀರಿನ ಕಥೆ ಏನು ಅಂತ ಮೊದಲು ವಿಚಾರಿಸಿ. ನಮಗೆ ಸಿಕ್ಕ ಉತ್ತರ: "ಫಾಲ್ಸ್‌ನಲ್ಲಿ ತುಂಬಿಸ್ಕೊಳ್ಳಿ ಸರ್, ಸುಮ್ನೆ ಬ್ಯಾಗ್ ಭಾರ ಯಾಕೆ?"

ಮಳೆಗಾಲದಲ್ಲಿ ಆ ಜಲಪಾತದ ಅಬ್ಬರ ಕಂಡವರು ಈ ಮಾತು ನಂಬಿಬಿಡುತ್ತಾರೆ. ನಾವು ಹೋದಾಗ ಬಂಡೆಯ ಮೇಲೆ ತೆಳ್ಳಗೆ ನೀರು ಇಳಿಯುತ್ತಿತ್ತು, ಅಷ್ಟೇ. ಒಂದು ಬಾಟಲಿ ತುಂಬಲು ಸಾಲು ನಿಂತೆವು. ಇನ್ನೊಂದು ವ್ಯಾನ್ ಬರಲಿ ಅಂತ ಕಾಯಿಸಿದ್ದರಿಂದ ಹೊರಟಿದ್ದೇ ತಡವಾಗಿತ್ತು. ಕಾಡು ದಾಟಿ ಹುಲ್ಲುಗುಡ್ಡಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಮಲೆನಾಡು ಅಂದರೆ ತಂಪು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಈ ಬೆಟ್ಟದಲ್ಲಿ ಶೋಲಾ ಕಾಡು, ಅಂದರೆ ನೆರಳು ಕೊಡುವ ದಟ್ಟ ಕಾಡು, ಇರುವುದು ಕಣಿವೆಗಳಲ್ಲಿ. ಮೇಲಿನ ಬೆಟ್ಟಸಾಲಿನಲ್ಲಿ ಬರೀ ಹುಲ್ಲು, ಬೇಸಿಗೆಯಲ್ಲಿ ಅದೂ ಒಣಗಿರುತ್ತದೆ. 1343 ಮೀಟರ್ ಎತ್ತರದ ಬೆಟ್ಟ. ಗಾಳಿ ಬೀಸುತ್ತಲೇ ಇರುವುದರಿಂದ ಮೈಯಿಂದ ಎಷ್ಟು ನೀರು ಹೋಯಿತು ಅನ್ನುವುದು ಗೊತ್ತೇ ಆಗುವುದಿಲ್ಲ.

ನಮ್ಮ ಭಾವನಿಗೆ ಮೊದಲು ತಲೆನೋವು ಬಂತು, ಆಮೇಲೆ ವಾಂತಿ. ಸ್ವಲ್ಪ ಹೊತ್ತಿಗೆ "ಕಾರು ಎಲ್ಲಿ ನಿಲ್ಲಿಸಿದ್ದೀಯ?" ಅಂತ ಗುಡ್ಡದ ಮಧ್ಯೆ ನಿಂತು ಕೇಳಿದರು. ಮೈ ಮುಟ್ಟಿದರೆ ಸುಡುತ್ತಿತ್ತು. ಗೈಡ್ ಎಲ್ಲಿ? ಜೋರಾಗಿ ನಡೆಯುವವರ ಜೊತೆ ಮುಂದೆ ಹೋಗಿಬಿಟ್ಟಿದ್ದ. ಫೋನಿಗೆ ಸಿಗ್ನಲ್ ಇರಲಿಲ್ಲ.

ಪುಣ್ಯಕ್ಕೆ ಗುಂಪಿನಲ್ಲಿ ಒಬ್ಬರು ನರ್ಸ್ ಇದ್ದರು. ಬಾಯಿಗೆ ನೀರು ಸುರಿಯಲು ಹೋದವರನ್ನು ತಡೆದರು. ಎಚ್ಚರ ತಪ್ಪುತ್ತಿರುವವರಿಗೆ ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದಂತೆ. ನೆರಳಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಟವೆಲ್ ಇಟ್ಟು ಗಾಳಿ ಹಾಕಿದೆವು. ಬೆಟ್ಟದ ಮೇಲಿರುವ ಮೂಲ ಮೂಕಾಂಬಿಕಾ ದೇವಸ್ಥಾನದ ಹತ್ತಿರ ಪ್ರವಾಸಿಗರನ್ನು ಇಳಿಸಿ ನಿಂತಿದ್ದ ಜೀಪಿನವರು ಬಾಡಿಗೆಯ ಮಾತನ್ನೇ ಎತ್ತದೆ ಭಾವನನ್ನು ಆಸ್ಪತ್ರೆಗೆ ಕರೆದೊಯ್ದರು. ಆ ರಸ್ತೆಯ ಕುಲುಕಾಟ ಗೊತ್ತಿದ್ದವರಿಗೆ ಅದು ಎಂಥ ಉಪಕಾರ ಅಂತ ಅರ್ಥವಾಗುತ್ತದೆ.

ದುಡ್ಡು ತಗೊಂಡು ನಮ್ಮನ್ನು ಬೆಟ್ಟ ಹತ್ತಿಸಲು ಕರೆದುಕೊಂಡು ಹೋದವರು ಆಮೇಲೆ ಹೇಳಿದ್ದು, "ನಿಮ್ಮ ಕಡೆಯವರು ಫಿಟ್ ಇರಲಿಲ್ಲ." ದುಡ್ಡೂ ವಾಪಸ್ ಬರಲಿಲ್ಲ.

ಬೇಸಿಗೆಯಲ್ಲೇ ಹೋಗಬೇಕು ಅಂದರೆ ಕೊಲ್ಲೂರಿನಿಂದ ಜೀಪಿನಲ್ಲಿ ಹೋಗಿ, ದೇವಸ್ಥಾನದಿಂದ ತುದಿಯಲ್ಲಿರುವ ಸರ್ವಜ್ಞ ಪೀಠಕ್ಕೆ ಮಾತ್ರ ನಡೆಯಿರಿ. ಇಲ್ಲ, ಕೆಳಗಿನಿಂದಲೇ ಹತ್ತುತ್ತೇವೆ ಅನ್ನುವವರು ಬೆಳಕು ಹರಿಯುತ್ತಲೇ ಹೊರಡಿ. ತಲೆಗೆ ಮೂರು ನಾಲ್ಕು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ ಮನೆಯಿಂದಲೇ ಇರಲಿ. ಗುಂಪಿನ ಕೊನೆಯಲ್ಲಿ ಯಾವ ಗೈಡ್ ಬರುತ್ತಾನೆ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ.